ಮುಂದೆ ಮೋಡ ಇದೆ

ಆಳಂದದಿಂದ ಅಫಜಲಪುರದ ಮೇಲೆ ಹಾದು ಜೇವರ್ಗಿಗೆ ಹೋಗುವ ಬಸ್ಸಿನ ಹಿಂದೆ ಬೂದು ಬಣ್ಣದ ಕಾರೊಂದು ಬಾಲ ಕಟ್ಟಿದಂತೆ ಬರುತ್ತಿದ್ದರೆ, ಆ ಬಸ್ಸಿನ ಕಟ್ಟಕಡೆಯ ಸೀಟಿನಲ್ಲಿ ಮಧುಮತಿ ಕೂತಿದ್ದಾಳೆಂದು ದಾರಿಯ ಮಂದಿ ತಿಳಿದುಕೊಳ್ಳುತ್ತಿದ್ದರು. ಕಾರಿನಲ್ಲಿ ಒಬ್ಬನೇ ಇರುವವನು ಅವಳ ಗಂಡ ಶಾಂತಕುಮಾರ. ಇಬ್ಬರ ನಡುವೆ ಜಗಳವೇನೂ ಇರಲಿಲ್ಲ. ಬಸ್ಸು ನಿಂತಲ್ಲೆಲ್ಲ ಅವನೂ ಕಾರು ನಿಲ್ಲಿಸಿ ಅವಳ ಕಿಟಕಿಯ ಕೆಳಗೆ ಬಂದು ನಿಲ್ಲುವನು. ಅವಳು ಮೇಲಿನಿಂದ ಪಲ್ಯ ಸುತ್ತಿದ ರೊಟ್ಟಿ ಇಳಿಬಿಟ್ಟರೆ ಅವನು ಕೆಳಗಿನಿಂದ ಚಹಾದ ಕಪ್ಪು ಏರಿಸುವನು. ಒಂದೇ ಸೀಟಿನಲ್ಲಿ ಕೂತು ಬರುವ ಗಂಡ ಹೆಂಡತಿ ಇದರ ಅರ್ಧದಷ್ಟೂ ಮಾತಾಡುವುದಿಲ್ಲ ಎಂದು ಕಂಡಕ್ಟರ್ ಭಾಗ್ಯಜ್ಯೋತಿ ಹೇಳುತ್ತಿದ್ದಳು. ಸೀಟಿ ಊದುವ ಮುಂಚೆ ಅವಳು ಹಿಂದಕ್ಕೆ ಇಣುಕಿ, "ಅಣ್ಣಾರ, ಬಿಡ್ಲೇನ್ರಿ?" ಎಂದು ಕಾರಿನವನ ಒಪ್ಪಿಗೆಯನ್ನೂ ಕೇಳುವಳು.

ಇದಕ್ಕೆಲ್ಲ ಕಾರಣ ಮಹಾಬಳೇಶ್ವರದ ಘಾಟು. ಮದುವೆಯಾದ ಹೊಸದರಲ್ಲಿ ಶಾಂತಕುಮಾರ ಹೆಂಡತಿಗೆ ಗುಡ್ಡ ತೋರಿಸಲು ಕರೆದೊಯ್ದಿದ್ದ. ಸಪಾಟು ನೆಲದಲ್ಲಿ ಹುಟ್ಟಿ ಬೆಳೆದವರಿಗೆ ಗುಡ್ಡವೆಂದರೆ ಅರ್ಧ ಸಿನಿಮಾ. ಮೊದಲ ತಿರುವಿಗೆ ಕಾರು ಎಡಕ್ಕೆ ವಾಲಿತು, ಎರಡನೆಯದಕ್ಕೆ ಬಲಕ್ಕೆ ವಾಲಿತು, ಮೂರನೆಯದಕ್ಕೆ ಮಧುಮತಿಯ ಹೊಟ್ಟೆ ಎರಡೂ ಕಡೆ ವಾಲಿತು. ಕಿಟಕಿಯ ಹೊರಗೆ ತಲೆ ಹಾಕಿ ಕಾರಿಕೊಳ್ಳುತ್ತಿದ್ದ ಹೆಂಡತಿಗೆ ಅವನು ಸ್ಟೇರಿಂಗಿನಿಂದ ಕೈ ತೆಗೆಯದೆ ಒಂದು ಮಾತು ಹೇಳಿದ: "ಹೊಟ್ಟಿ ಗಟ್ಟಿ ಇಟ್ಕೋ. ಎಲ್ಲಾ ಮನಸಿನ ಮ್ಯಾಲ ಅದ."

ಅವಳು ಗಾಡಿ ನಿಲ್ಲಿಸಲು ಹೇಳಿ ಇಳಿದಳು. ಬಾಯಿ ಮುಕ್ಕಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡಳು. "ಇದಕ್ಕ ಕಾರು ಅಂತ ಹೆಸರಿಟ್ಟವರು ತಿಳಕೊಂಡೇ ಇಟ್ಟಾರ್ರಿ," ಎಂದಳು. "ಇನ್ನ ನಿಮ್ಮ ಗಾಡ್ಯಾಗ ನಾ ಕೂಡಂಗಿಲ್ಲ." ಅಲ್ಲಿಂದ ಬಸ್ಸಿಗೇ ಊರಿಗೆ ಬಂದಳು. ಅವನು ಹಿಂದೆ ಹಿಂದೆ ಬಂದ. ಅದೇ ರೂಢಿಯಾಯಿತು.

ಮಧುಮತಿ ಹಿರೋಳ್ಳಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಅವಳ ಮಾತೂ ಸೂತ್ರದ ಹಾಗೆ. ಹಲಗೆಯ ಮೇಲೆ ಬಂತೆಂದರೆ ಬಂತು. ಈ ಸೂತ್ರದಿಂದ ಯಾರಿಗೂ ತೊಂದರೆಯಿರಲಿಲ್ಲ, ಜೇವರ್ಗಿಯಿಂದ ಶಾಂತಕುಮಾರನ ಅತ್ತೆ ಸುಭದ್ರಾಬಾಯಿಯ ಫೋನು ಬರುವ ತನಕ.

"ಅಳಿಯಾರ, ನಮ್ಮ ಐಶ್ವರ್ಯಾಂದು ಕುಬಸ ಇಟ್ಕೊಂಡೇವಿ," ಎಂದು ಆಕೆ ಶುರುಮಾಡಿದಳು. ಐಶ್ವರ್ಯಾ ಮಧುಮತಿಯ ತಂಗಿ, ಚೊಚ್ಚಿಲ ಬಸುರಿ; ಕುಬಸವೆಂದರೆ ಅವಳ ಸೀಮಂತ. "ಹೋದ ಸಲ ನೀವು ಬಂದಾಗ ನನ್ನ ಮಗಳು ಬಸ್ಸಿನಿಂದ ಇಳದ್ಲು, ನೀವು ಕಾರಿನಿಂದ ಇಳದ್ರಿ. ಓಣಿ ಮಂದಿ ಬಾಯಾಗ ಇನ್ನೂ ಅದೇ ಅದ. ಮುರದ ಜೋಡಿ ಕುಬಸದ ಮನ್ಯಾಗ ಕಾಲಿಡಬಾರದು ಅಂತಾರ. ಈ ಸಲ ಇಬ್ಬರೂ ಒಂದೇ ಗಾಡ್ಯಾಗಿಂದ ಇಳೀರಿ. ಇಲ್ಲಂದ್ರ ಬರಬ್ಯಾಡ್ರಿ."

"ನಾವು ಮುರದಿಲ್ಲರಿ ಅತ್ತಿ."

"ಅದು ನನಗ ಗೊತ್ತದ. ಓಣಿಗಿ ಗೊತ್ತಿಲ್ಲ."

ಮಧುಮತಿ ಆ ರಾತ್ರಿ ಊಟ ಬಿಟ್ಟಳು. ತಂಗಿಯ ಉಡಿ ತುಂಬುವ ದಿನ ತಾನು ಪಕ್ಕದಲ್ಲಿ ಇರುವುದಿಲ್ಲ ಎಂಬುದನ್ನು ಅವಳು ನುಂಗಲಾರಳು; ಆಡಿದ ಮಾತನ್ನೂ ನುಂಗಲಾರಳು. ಬೆಳಿಗ್ಗೆ ಎದ್ದವಳೇ ಅಡುಗೆಮನೆಯಿಂದ ಹಿತ್ತಾಳೆಯ ತಂಬಿಗೆ ತಂದು ಗಂಡನ ಮುಂದಿಟ್ಟಳು.

"ಇದರ ತುಂಬ ಮಜ್ಜಿಗಿ ಹಾಕಿ ನನ್ನ ಸೀಟಿನ ಮ್ಯಾಲ ಇಡ್ರಿ. ಘಾಟಿನಂಥ ವಳಣದಾಗ ಗಾಡಿ ಹೊಡೀರಿ. ಒಂದು ಹನಿ ಚೆಲ್ಲಲಿಲ್ಲಂದ್ರ ನಾ ಕೂಡ್ತೇನಿ. ನನ್ನ ಹೊಟ್ಟಿನೂ ಅಷ್ಟ, ತಂಬಿಗಿನೂ ಅಷ್ಟ."

"ಚೆಲ್ಲಿದ್ರ?"

"ಚೆಲ್ಲಿದ್ರ ನೀವು ಒರಸ್ರಿ. ನಾ ಐಶ್ವರ್ಯಾಗ ಫೋನ್ ಮಾಡಿ ಅಳ್ತೇನಿ."

ಶಾಂತಕುಮಾರನಿಗೆ ಆಳಂದದಲ್ಲಿ ಪೈಪು ಮತ್ತು ಮೋಟಾರಿನ ಅಂಗಡಿ. ನೀರು ಚೆಲ್ಲದಂತೆ ನೋಡಿಕೊಳ್ಳುವುದೇ ಅವನ ದಂಧೆಯಾದ್ದರಿಂದ ಮಜ್ಜಿಗೆಯೇನು ದೊಡ್ಡ ಮಾತು ಎಂದುಕೊಂಡು, ಕಾರು ತೆಗೆದುಕೊಂಡು ಬಸ್‌ ಸ್ಟ್ಯಾಂಡಿನ ಹಿಂದಿನ ಮೆಹಬೂಬನ ಗ್ಯಾರೇಜಿಗೆ ಹೋದ. ಇಬ್ಬರೂ ಒಂದೇ ಶಾಲೆಯಲ್ಲಿ ಒಂದೇ ಬೆಂಚಿನ ಮೇಲೆ ನಿಂತವರು. ಕೂಡಲು ಮಾಸ್ತರರು ಬಿಟ್ಟಿರಲಿಲ್ಲ.

ಮೆಹಬೂಬ ಕಾರಿನ ಒಂದು ಮೂಲೆಗೆ ಕೈಯೂರಿ ಒತ್ತಿ ಬಿಟ್ಟ. ಕಾರು ಕುಣಿಯಿತು. ಕುಣಿಯುತ್ತಲೇ ಇತ್ತು. ಅವನು ಬೀಡಿ ಹಚ್ಚಿಕೊಂಡ ಮೇಲೂ ಇನ್ನೊಮ್ಮೆ ಕುಣಿಯಿತು.

"ಇದು ಗಾಡಿ ಅಲ್ಲಲೇ ಶಾಂತೂ, ಜೋಲಿ," ಎಂದ. "ಸ್ಪ್ರಿಂಗ್ ಮುದುಕ ಆಗ್ಯಾವ. ಶಾಕಪ್ಸರ್ ಎಣ್ಣಿ ಬಿಟ್ಟಾವ. ಮೋಡ್‌ನ್ಯಾಗ ಹೊಳ್ಳಿಸಿದ್ರ ಗಾಡಿ ಒಂದ ಕಡಿ ಹೋಗ್ತದ, ಒಳಗಿನ ಮಂದಿ ಇನ್ನೊಂದ ಕಡಿ ಹೋಗ್ತಾರ. ವೈನಿ ತಪ್ಪಲ್ಲ ಇದು."

ಮನೆಯಲ್ಲಿ ದಖ್ಖನಿ ಆಡುವ ಮೆಹಬೂಬನಿಗೆ ರಸ್ತೆಯ ತಿರುವೆಂದರೆ 'ಮೋಡ್'. ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡ ಊರಿನಲ್ಲಿ ಪಾಠ ಹೇಳುವ ಮಧುಮತಿಗೆ ಅದು 'ವಳಣ'. ಪೈಪಿನಂಗಡಿಯ ಶಾಂತಕುಮಾರನಿಗೆ ಅದು 'ಎಲ್ಬೋ'. ಒಂದೂ ತಿರುವಿಲ್ಲದ ನಾಡಿನಲ್ಲಿ ತಿರುವಿಗೆ ಮೂರು ಹೆಸರು. ಇದು ಆಗ ಯಾರ ಗಮನಕ್ಕೂ ಬರಲಿಲ್ಲ.

ಸಾಮಾನು ಪುಣೆಯಿಂದ ಬಂತು. ಮೊದಲಿಗಿಂತ ಗಿಡ್ಡ, ಮೊದಲಿಗಿಂತ ಬಿರುಸಾದ ಸ್ಪ್ರಿಂಗುಗಳು. ಕೆಂಪು ಬಣ್ಣದ ಹೊಸ ಶಾಕಪ್ಸರ್‌ಗಳು. ಎಡ ಬಲದ ಚಕ್ರಗಳನ್ನು ಒಂದಕ್ಕೊಂದು ಬಿಗಿದು ಗಾಡಿ ವಾಲದಂತೆ ಹಿಡಿಯುವ ದಪ್ಪ ಕಂಬಿ. ಮೆಹಬೂಬ ಮೊಬೈಲಿನಲ್ಲಿ ವಿಡಿಯೋ ಹಚ್ಚಿ ಟೈರಿಗೆ ಆನಿಸಿಟ್ಟು, ಅದರಲ್ಲಿನ ಬಿಳಿಯ ಮನುಷ್ಯ ಮಾಡಿದಂತೆಯೇ ಮಾಡಿದ. ಆ ಮನುಷ್ಯ ನಡುನಡುವೆ ನಗುತ್ತಿದ್ದ; ಯಾಕೆಂದು ತಿಳಿಯದಿದ್ದರೂ ಮೆಹಬೂಬನೂ ಅಲ್ಲಲ್ಲಿ ನಕ್ಕ. ಎಲ್ಲ ಮುಗಿದಾಗ ಕಾರು ನಾಲ್ಕು ಬೆರಳು ನೆಲಕ್ಕಿಳಿದು, ದೇವರ ಮುಂದೆ ಮಂಡಿಯೂರಿದಂತೆ ಕಂಡಿತು. ಮೂಲೆಗೆ ಕೈಯೂರಿ ಒತ್ತಿದರೆ ಈಗ ಕಾರು ಅಲುಗಲಿಲ್ಲ. ಮೆಹಬೂಬನ ಕಾಲೇ ನೆಲದಿಂದ ಎದ್ದಿತು.

"ಈಗ ಯಾವ ಮೋಡ್‌ನ್ಯಾಗ ಬೇಕಾದ್ರೂ ಹಾಕು. ಕಲ್ಲಿನಂಗ ಹೋಗ್ತದ."

ಹಾಕಲು ಮೋಡ್ ಬೇಕಲ್ಲ. ಇಬ್ಬರೂ ತಂಬಿಗೆ ಇಟ್ಟುಕೊಂಡು ತಿರುವು ಹುಡುಕಲು ಹೊರಟರು. ಕಡಗಂಚಿಯ ಕಡೆ ಹೋದರು. ರಸ್ತೆ ಸ್ಕೇಲು ಇಟ್ಟು ಎಳೆದಂತಿತ್ತು. ಅಫಜಲಪುರದ ಕಡೆ ಹೋದರು. ದೂರದ ಲಾರಿಯೊಂದು ಕಡಲೆಕಾಳಿನಷ್ಟಿದ್ದದ್ದು ಎದುರಿಗೆ ಬಂದು ಲಾರಿಯಾಗುವ ತನಕ ಮೆಹಬೂಬ ಒಂದು ನಿದ್ದೆ ತೆಗೆದ. ಸೊನ್ನದ ಬ್ಯಾರೇಜಿನ ಹತ್ತಿರ ಭೀಮೆಯೇ ಅಷ್ಟು ಸೊಟ್ಟಗೆ ಹರಿಯುವಾಗ ರಸ್ತೆಯೂ ಸ್ವಲ್ಪ ಕಲಿತಿರಬಹುದೆಂಬ ಆಸೆಯಿತ್ತು. ಕಲಿತಿರಲಿಲ್ಲ. ಮಂದಿ ಎಡಕ್ಕೂ ಬಲಕ್ಕೂ ಸ್ಟೇರಿಂಗ್ ತಿರುಗಿಸುತ್ತಲೇ ಇದ್ದರು, ಆದರೆ ಅದು ತಗ್ಗು ತಪ್ಪಿಸಲು. ರಸ್ತೆ ನೆಟ್ಟಗಿತ್ತು, ಗಾಡಿಗಳು ಸೊಟ್ಟಗಿದ್ದವು.

ಚಹಾದ ಹೋಟೆಲಿನಲ್ಲಿ ಕೂತ ಮುದುಕನನ್ನು ಶಾಂತಕುಮಾರ ಕೇಳಿದ. "ಯಜಮಾನ್ರ, ಇಲ್ಲಿ ಎಲ್ಲ್ಯಾದ್ರೂ ದೊಡ್ಡ ವಳಣ ಅದ ಏನ್ರಿ?"

"ಎಲ್ಲಿಗಿ ಹೋಗಬೇಕಪ?"

"ಎಲ್ಲಿಗೂ ಇಲ್ಲರಿ. ವಳಣಕ್ಕೇ ಹೋಗಬೇಕು."

ಮುದುಕ ಇಬ್ಬರನ್ನೂ ನೋಡಿದ, ಮಂಡಿಯೂರಿದ ಕಾರನ್ನು ನೋಡಿದ, ಸೀಟಿನ ಮೇಲಿನ ತಂಬಿಗೆಯನ್ನು ನೋಡಿದ. "ಮನಿಗಿ ಹೋಗ್ರಿ," ಎಂದ.

ಹೊಳೆದದ್ದು ಅಂಗಡಿಯಲ್ಲಿ. ಗಿರಾಕಿಯೊಬ್ಬನಿಗೆ ಸುರುಳಿ ಸುತ್ತಿದ ಕರಿ ಪೈಪನ್ನು ಅಳೆದುಕೊಡುವಾಗ ಅದು ಕೈತಪ್ಪಿ ಅಂಗಳದಲ್ಲಿ ಬಿಚ್ಚಿಕೊಂಡಿತು. ತಿಂಗಳುಗಟ್ಟಲೆ ಸುತ್ತಿಟ್ಟ ಪೈಪು ನೆಟ್ಟಗೆ ಮಲಗುವುದಿಲ್ಲ. ಎಡಕ್ಕೆ ಹೊರಳಿ, ಬಲಕ್ಕೆ ಹೊರಳಿ, ಅಂಗಳದ ತುಂಬ ಸಾಕ್ಷಾತ್ ಮಹಾಬಳೇಶ್ವರದ ಘಾಟು ಬಿದ್ದುಕೊಂಡಿತು. ಶಾಂತಕುಮಾರ ಗಿರಾಕಿಯನ್ನು ಅಲ್ಲೇ ಬಿಟ್ಟು ಮೆಹಬೂಬನಿಗೆ ಫೋನು ಮಾಡಿದ.

ಶಾಂತಕುಮಾರನ ಕಾಕಾ ಚಂದ್ರಾಮಪ್ಪನ ಹೊಲ ಅಫಜಲಪುರದ ರಸ್ತೆಗೇ ಇತ್ತು. ಕಡಲೆ ಕಿತ್ತಾಗಿತ್ತು, ಎರೆಭೂಮಿ ಬಿಸಿಲಿಗೆ ಬಿರುಕುಬಿಟ್ಟು ಖಾಲಿ ಬಿದ್ದಿತ್ತು.

"ಘಾಟು ಅಂದ್ರ ಏನಪ?" ಎಂದು ಕಾಕಾ ಕೇಳಿದ.

"ಗುಡ್ಡ ಹತ್ತು ರಸ್ತಾರಿ ಕಾಕಾ."

"ನನ್ನ ಹೊಲದಾಗ ಗುಡ್ಡ ಮಾಡ್ತಿ?"

"ಗುಡ್ಡ ಬ್ಯಾಡರಿ. ರಸ್ತಾ ಅಷ್ಟ."

ಕಾಕಾ ಸಮಾಧಾನದಿಂದ ತಲೆ ಆಡಿಸಿದ. "ಹಂಗಾದ್ರ ಮಾಡ್ಕೋ. ಗುಡ್ಡ ಆದ್ರ ಕುಂಟಿ ಹೊಡೀಲಿಕ್ಕ ಅಡ್ಡ ಆಗ್ತದ."

ಕುಬಸದ ಹಿಂದಿನ ದಿನ ಇಬ್ಬರೂ ಹೊಲದ ತುಂಬ ಕರಿ ಪೈಪು ಬಿಚ್ಚಿದರು. ಎರಡು ಪೈಪುಗಳ ನಡುವೆ ಒಂದು ಕಾರು ಹೋಗುವಷ್ಟು ದಾರಿ. ಮೇಲಿಂದ ಹದ್ದು ನೋಡಿದ್ದರೆ ಯಾರೋ ಹೊಲಕ್ಕೆ ಜಿಲೇಬಿ ಹಿಂಡಿದ್ದಾರೆ ಎಂದುಕೊಳ್ಳುತ್ತಿತ್ತು. ಆದರೆ ಸ್ಟೇರಿಂಗ್ ಹಿಡಿದು ಕೂತವನಿಗೆ ಯಾವ ತಿರುವು ಎಲ್ಲಿ ಬರುತ್ತದೆಂದು ತಿಳಿಯುತ್ತಿರಲಿಲ್ಲ. ಎಲ್ಲೆಲ್ಲೂ ಕರಿ ನೆಲ, ಕರಿ ಪೈಪು. ಘಾಟಿನಲ್ಲಿದ್ದಂತೆ ಬೋರ್ಡು ಬೇಕು ಎಂದ ಶಾಂತಕುಮಾರ. ಮೆಹಬೂಬ ಅಲ್ಲಿಂದಲೇ ಅಂಗಡಿ ಬೋರ್ಡು ಬರೆಯುವ ಪೇಂಟರ್ ಸೈದಪ್ಪನಿಗೆ ಫೋನು ಹಚ್ಚಿದ.

"ಸೈದಪ್ಪಣ್ಣ, ಬೋರ್ಡ್ ಬೇಕಾಗ್ಯಾವ್ರಿ. ಹೂಂ, ಹಳದಿ. 'ಮುಂದೆ ಮೋಡ್ ಇದೆ' ಅಂತ ಒಂದು. 'ಎಡಕ್ಕೆ ಮೋಡ್', 'ಬಲಕ್ಕೆ ಮೋಡ್' ಅಂತ ಒಂದಷ್ಟು. ಕಡೀದಕ್ಕ 'ಅಪಾಯಕಾರಿ ಮೋಡ್' ಅಂತ ಬರೀರಿ. ನಾಳಿ ಮುಂಜಾನೆ ಚಂದ್ರಾಮಪ್ಪ ಕಾಕಾನ ಹೊಲದಾಗ ನೀವ ನೆಡ್ರಿ. ಕಾಕಾ ಜಾಗಾ ತೋರಸ್ತಾನ."

ಮರುದಿನ ಬೆಳಿಗ್ಗೆ ಕುಬಸದ ಬುಟ್ಟಿಗಳನ್ನೆಲ್ಲ ಕಾರಿನ ಹಿಂದೆ ತುಂಬಿಕೊಂಡು ಶಾಂತಕುಮಾರ ಮೆಹಬೂಬನ ಜೊತೆ ಹೊರಟ. ತಂಬಿಗೆ ಗೆದ್ದರೆ ಹೊಲದಿಂದ ಸೀದಾ ಜೇವರ್ಗಿ. ಮಧುಮತಿ ರೇಷ್ಮೆ ಸೀರೆಯುಟ್ಟು, ಒಂದು ಕ್ಯಾನು ಮಜ್ಜಿಗೆ ಹಿಡಿದು ಟಂಟಂ ಆಟೋದಲ್ಲಿ ಬರುತ್ತಿದ್ದಳು. ಶಾಂತಕುಮಾರ ಕನ್ನಡಿಯಲ್ಲಿ ಆಟೋ ಕಾಣುವಷ್ಟೇ ವೇಗದಲ್ಲಿ ಹೋಗುತ್ತಿದ್ದ. ಅವಳ ಮುಂದೆ ಗಾಡಿ ಓಡಿಸಿ ಅವನಿಗೆ ರೂಢಿಯಿರಲಿಲ್ಲ.

ಹೊಲದ ಹತ್ತಿರ ರಸ್ತೆಯ ಎರಡೂ ಬದಿಗೆ ಮೋಟಾರ್‌ಸೈಕಲ್ಲು, ಟ್ರ್ಯಾಕ್ಟರು ನಿಂತಿದ್ದವು. ಹೊಲದ ಬದುವಿನ ಮೇಲೆ ಮಂದಿ ಸಾಲಾಗಿ ನಿಂತು ಒಮ್ಮೆ ನೆಲವನ್ನೂ ಒಮ್ಮೆ ಆಕಾಶವನ್ನೂ ನೋಡುತ್ತಿದ್ದರು. ಯಾರೋ ಸತ್ತಿರಬೇಕು ಎಂದುಕೊಂಡು ಶಾಂತಕುಮಾರ ಇಳಿದ. ಆಗ ಬೋರ್ಡುಗಳು ಕಂಡವು.

ಹಳದಿ ಹಲಗೆಯ ಮೇಲೆ ಸೈದಪ್ಪನ ದುಂಡಗಿನ ಅಕ್ಷರಗಳಲ್ಲಿ 'ಮುಂದೆ ಮೋಡ ಇದೆ' ಎಂದಿತ್ತು. ಅದರಾಚೆ 'ಎಡಕ್ಕೆ ಮೋಡ'. ಅದರಾಚೆ 'ಬಲಕ್ಕೆ ಮೋಡ'. ಹೊಲದ ಕಟ್ಟಕಡೆಯ ತಿರುವಿನಲ್ಲಿ, ಕೆಂಪು ಬಣ್ಣದಲ್ಲಿ, 'ಅಪಾಯಕಾರಿ ಮೋಡ'. ತಿಳಿಯದವರಿಗೂ ತಿಳಿಯಲೆಂದು ಸೈದಪ್ಪ ಪ್ರತಿ ಬೋರ್ಡಿನ ಮೂಲೆಗೊಂದು ಬಿಳಿಯ ಮೋಡವನ್ನೂ ಬಿಡಿಸಿದ್ದ. ಅಪಾಯಕಾರಿಗೆ ಮಾತ್ರ ಕಪ್ಪು ಮೋಡ, ಕೆಳಗೆ ಒಂದು ಮಿಂಚು.

"ಏನ್ ಬರದೀರಿ ಸೈದಪ್ಪಣ್ಣ ಇದು," ಎಂದ ಮೆಹಬೂಬ. ಸೈದಪ್ಪ ಕುಂಚ ತೊಳೆಯುತ್ತ ಅಲ್ಲೇ ಕೂತಿದ್ದ.

"ನೀ ಹೇಳಿದ್ದ ಬರದೇನಿ. ಮೋಡ ಅಂದಿ, ಮೋಡ ಬರದೆ."

"ಮೋಡ್ ಅಂದೆ. ಮೋಡ್. ಹೊಳ್ಳೋದು."

"ಆಕಾಶದಾಗಿಂದು ಹೊಲದಾಗ ಯಾಕ ಅಂತ ನನಗೂ ಅನಿಸ್ತು. ಆದ್ರ ಪೇಂಟರ್ ಆದಾಂವ ವಿಚಾರ ಮಾಡಬಾರದು. ವಿಚಾರ ಮಾಡಿದ್ರ ಒಂದ ಬೋರ್ಡೂ ಬರಿಯಾಕ ಆಗಂಗಿಲ್ಲ."

ಅಷ್ಟರಲ್ಲಿ ಬದುವಿನ ಮೇಲಿಂದ ಪಕ್ಕದ ಹೊಲದ ಮಲ್ಕಪ್ಪ ಇಳಿದು ಬಂದು ಶಾಂತಕುಮಾರನಿಗೆ ಕೈಮುಗಿದ. ಬೀಜದ ಕಂಪನಿಯವರು ಹೊಲಗಳಲ್ಲಿ ತಮ್ಮ ತಳಿಯ ಹೆಸರು ಬರೆದು ನೆಡುವ ಹಳದಿ ಬೋರ್ಡುಗಳನ್ನು ಮಲ್ಕಪ್ಪ ಬಹಳ ನೋಡಿದ್ದ. ಸರಕಾರದವರು ಮೋಡ ಬಿತ್ತನೆ ಮಾಡುತ್ತಾರೆಂದು ಟೀವಿಯಲ್ಲೂ ಕೇಳಿದ್ದ. ಎರಡನ್ನೂ ಕೂಡಿಸಲು ಅವನಿಗೆ ಯಾರ ಸಹಾಯವೂ ಬೇಕಾಗಿರಲಿಲ್ಲ.

"ಸಾವಕಾರ್ರ, ಬಿತ್ತನಿ ಯಾವಾಗ ಆತ್ರಿ?"

"ಯಾವ ಬಿತ್ತನಿ?"

"ಮೋಡದ್ದರಿ. ಪೈಪ್ ನೋಡಿದ್ರ ಡ್ರಿಪ್ ಹಚ್ಚೀರಿ ಅನಸ್ತದ. ಕಾಕಾನ ಕೇಳಿದ್ರ ಜವಾರಿ ತಳಿ ಅಂದ್ರು. ಹೈಬ್ರೀಡ್ ಅಲ್ಲಂತ. ಖರೇ ಏನ್ರಿ?"

ಶಾಂತಕುಮಾರ ತಿರುಗಿ ನೋಡಿದ. ಚಂದ್ರಾಮಪ್ಪ ಕಾಕಾ ಒಗೆದ ಧೋತರ ಉಟ್ಟು, ಪಟಗಾ ಸುತ್ತಿ, ಮಂದಿಯ ನಡುವೆ ನಿಂತಿದ್ದ. ಹುಟ್ಟಿದಾಗಿನಿಂದ ಅವನ ಹೊಲ ನೋಡಲೆಂದು ಯಾರೂ ಬಂದಿರಲಿಲ್ಲ. "ಜವಾರಿ ಮೋಡ ಬೆಳಿಯೂದು ಜರಾ ತಡ," ಎಂದು ಅವನು ಯಾರಿಗೋ ವಿವರಿಸುತ್ತಿದ್ದ. "ಆದ್ರ ಅದರ ನೀರು ರುಚಿ ಬ್ಯಾರೇನ ಇರ್ತದ."

"ಕಾಕಾ," ಎಂದು ಶಾಂತಕುಮಾರ ಅವನನ್ನು ಬದಿಗೆ ಕರೆದ. "ಏನ್ ಹೇಳಾಕತ್ತೀರಿ ಮಂದಿಗಿ?"

"ಮಂದಿ ಕೇಳಿದ್ರು, ನಾ ಹೇಳ್ದೆ. ನಿನ್ನ ಘಾಟು ಅಂದ್ರ ನನಗ ತಿಳಿಲಿಲ್ಲ. ಇದು ತಿಳೀತು."

ಹೊತ್ತು ಏರುತ್ತಿತ್ತು. ಮಧುಮತಿ ಆಟೋದಿಂದಿಳಿದು, ಬೋರ್ಡುಗಳನ್ನು ಒಂದೊಂದಾಗಿ ಓದಿ, ಗಂಡನ ಮುಖ ನೋಡಿ, ತಂಬಿಗೆಗೆ ಕಂಠಮಟ್ಟ ಮಜ್ಜಿಗೆ ಸುರಿದಳು. ಅದನ್ನು ತನ್ನ ಸೀಟಿನ ಮೇಲಿಟ್ಟು, ಸೀಟಿನ ಬೆಲ್ಟು ಎಳೆದು ಕಟ್ಟಿದಳು. ಶಾಂತಕುಮಾರ ಸ್ಟೇರಿಂಗಿನ ಮುಂದೆ ಕೂತು ಗಾಡಿ ಚಾಲು ಮಾಡಿದ. ಹೊಲಕ್ಕೆ ಇಳಿಯುವ ಜಾಗದಲ್ಲಿ ಮುದುಕಿಯೊಬ್ಬಳು ಅಡ್ಡ ನಿಂತಿದ್ದಳು. ಮಲ್ಕಪ್ಪನ ತಾಯಿ ರುಕ್ಮಿಣಿಬಾಯಿ. ಕೈಯಲ್ಲಿ ಬುಟ್ಟಿ, ಬುಟ್ಟಿಯಲ್ಲಿ ಭಜ್ಜಿ ಪಲ್ಯ, ಸಜ್ಜಿಯ ಕಡುಬು. ಎಳ್ಳಮಾವಾಸ್ಯೆಗೆ ಬಸಿರು ಹೊಲಕ್ಕೆ ಚೆಲ್ಲುವಂತೆ ಮೋಡದ ಬೆಳೆಗೂ ನೈವೇದ್ಯದ ಚರಗ ಚೆಲ್ಲಲು ಬಂದಿದ್ದಳು.

"ಎಪ್ಪಾ, ಬಸರಿ ಹೊಲ ಅದು. ಗಾಡಿ ಹೊಡೀಬ್ಯಾಡ. ಮೊಳಕಿ ತುಳದೀ."

"ಯವ್ವಾ, ಅಲ್ಲಿ ಮೊಳಕಿ ಇಲ್ಲ. ಅದು ರಸ್ತಾ."

"ಮೋಡದ ಮೊಳಕಿ ನಿನ್ನ ಕಣ್ಣಿಗಿ ಹ್ಯಾಂಗ ಕಾಣಬೇಕು? ಮೋಡಾನ ಕಾಣವಲ್ದು ನಮಗ."

ಮಂದಿ ಹೌದೆಂದು ತಲೆ ಆಡಿಸಿತು. ಮಾತು ಸರಿಯಾಗೇ ಇತ್ತು. ಶಾಂತಕುಮಾರ ಇಳಿದು, ಇದು ಸ್ಪ್ರಿಂಗಿನ ಪರೀಕ್ಷೆ, ತನ್ನ ಹೆಂಡತಿಯ ಹೊಟ್ಟೆ, ಜೇವರ್ಗಿಯ ಕುಬಸ ಎಂದೆಲ್ಲ ಬಿಡಿಸಿ ಹೇಳಿದ. ಹೇಳುತ್ತ ಹೋದಂತೆ ಮೋಡ ಬಿತ್ತನೆಯೇ ಹೆಚ್ಚು ನಂಬುವಂತಿದೆ ಎಂದು ಅವನಿಗೇ ಅನ್ನಿಸತೊಡಗಿತು. ಮಲ್ಕಪ್ಪನೂ ಇನ್ನಿಬ್ಬರೂ ಬಂದು ರುಕ್ಮಿಣಿಬಾಯಿಯ ಪಕ್ಕ ನಿಂತರು. ಮಧುಮತಿ ಮೊಬೈಲು ತೆಗೆದು ಹೊತ್ತು ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು, ತರಗತಿಯಲ್ಲಿ ಮಾತಾಡುವ ದನಿಯಲ್ಲಿ ಕೇಳಿದಳು.

"ಯವ್ವಾ, ತೊಗರಿ ಬಿತ್ತಿದ ಮ್ಯಾಲ ಸಾಲಿನ ನಡುವ ಎಡಿಕುಂಟಿ ಹೊಡೀತೀರೋ ಇಲ್ಲೋ?"

"ಹೊಡೀಬೇಕವ್ವ. ಹೊಡೀಲಿಲ್ಲಂದ್ರ ಕಸ ಬೆಳೀತದ."

"ಮತ್ತ ಮೋಡಕ್ಕ?"

ರುಕ್ಮಿಣಿಬಾಯಿ ಯೋಚಿಸಿದಳು. ಮಂದಿ ಯೋಚಿಸಿತು. ಮಲ್ಕಪ್ಪ ಕಾಕಾನ ಕಡೆ ನೋಡಿದ. ಕಾಕಾ ಪಟಗಾ ಸರಿಮಾಡಿಕೊಂಡು, "ಜವಾರಿಗಿ ಒಂದ ಎಡಿ ಬೇಕ ಬೇಕು," ಎಂದು ತೀರ್ಪು ಕೊಟ್ಟ. ಎಡೆ ಹೊಡೆಯಲು ಕಾರಿಗೆ ದಾರಿ ತೆರೆಯಿತು.

ಶಾಂತಕುಮಾರ ಗಾಡಿಯನ್ನು ಪೈಪುಗಳ ನಡುವೆ ಇಳಿಸಿದ. 'ಎಡಕ್ಕೆ ಮೋಡ' ಬಂತು. ಅವನು ಎಡಕ್ಕೆ ತಿರುಗಿಸಿದ. ಕಾರು ವಾಲಲಿಲ್ಲ. ಮೆಹಬೂಬ ಹೇಳಿದಂತೆ ಕಲ್ಲಿನ ಹಾಗೆ ತಿರುಗಿತು. ತಂಬಿಗೆಯೊಳಗೆ ಮಜ್ಜಿಗೆ ಕಣ್ಣುಮುಚ್ಚಿ ಕೂತ ಸ್ವಾಮಿಯಂತೆ ಮಿಸುಕಲಿಲ್ಲ. 'ಬಲಕ್ಕೆ ಮೋಡ'. ಬಲಕ್ಕೆ ತಿರುಗಿದ. ಆಗಲೂ ಇಲ್ಲ. ಅವನಿಗೆ ಕಣ್ಣಲ್ಲಿ ನೀರು ಬಂತು. ಮಹಾಬಳೇಶ್ವರವೇನು, ಹಿಮಾಲಯದ ಮೇಲೂ ಮಧುಮತಿಯನ್ನು ಪಕ್ಕದಲ್ಲಿ ಕೂಡಿಸಿಕೊಂಡು ಹೋಗಬಹುದು ಎಂದುಕೊಳ್ಳುತ್ತಿರುವಾಗ, ತಿರುವು ಮುಗಿದು ದಾರಿ ನೆಟ್ಟಗಾಯಿತು, ಮತ್ತು ಎರೆಭೂಮಿಯ ಮೊದಲ ದೊಡ್ಡ ಬಿರುಕು ಚಕ್ರದ ಕೆಳಗೆ ಬಂತು.

ಹಳೆಯ ಸ್ಪ್ರಿಂಗು ಆಗಿದ್ದರೆ ಆ ಬಿರುಕನ್ನು ನುಂಗುತ್ತಿತ್ತು. ಹೊಸದು ಏನನ್ನೂ ನುಂಗುವ ಜಾತಿಯದಲ್ಲ. ಕಾರು ಇಡಿಯಾಗಿ ಮೇಲಕ್ಕೆ ನೆಗೆಯಿತು. ತಂಬಿಗೆಗೆ ಬೆಲ್ಟು ಕಟ್ಟಿತ್ತು, ಮಜ್ಜಿಗೆಗೆ ಕಟ್ಟಿರಲಿಲ್ಲ. ಅದು ತಂಬಿಗೆಯಿಂದ ಎದ್ದು, ಕಾರಿನ ಸೂರು ಮುಟ್ಟಿ, ಶಾಂತಕುಮಾರನ ತಲೆ, ಮೀಸೆ, ಅಂಗಿಯ ಮೇಲೆ ಇಳಿಯಿತು. ಎರಡನೆಯ ಬಿರುಕಿಗೆ ಉಳಿದದ್ದೂ ಇಳಿಯಿತು. 'ಅಪಾಯಕಾರಿ ಮೋಡ' ಬರುವ ಹೊತ್ತಿಗೆ ಅವನಿಗೆ ಮುಂದಿನ ಗಾಜೇ ಕಾಣುತ್ತಿರಲಿಲ್ಲ.

ಗಾಡಿ ಬದುವಿಗೆ ಬಂದು ನಿಂತಿತು. ಬಾಗಿಲು ತೆರೆದು ಇಳಿದ ಶಾಂತಕುಮಾರ ನೆತ್ತಿಯಿಂದ ಹನಿ ಹನಿಯಾಗಿ ತೊಟ್ಟಿಕ್ಕುತ್ತಿದ್ದ. ಮಂದಿ ಸುತ್ತ ನೆರೆಯಿತು.

"ನೋಡ್ರಿ," ಎಂದ ಮಲ್ಕಪ್ಪ, ಮೆಲ್ಲಗೆ. "ಒಳಗ ಮಳಿ ಬಿದ್ದದ."

ರುಕ್ಮಿಣಿಬಾಯಿ ಬೆರಳಿನಿಂದ ಶಾಂತಕುಮಾರನ ತೋಳಿನ ಮೇಲಿನ ಒಂದು ಹನಿ ತೆಗೆದು ನಾಲಗೆಗಿಟ್ಟುಕೊಂಡಳು. "ಹುಳಿ ಅದ," ಎಂದಳು. "ಜವಾರೀನ."

ಮಧುಮತಿ ಕರವಸ್ತ್ರ ತೆಗೆದು ಗಂಡನ ಮುಖ ಒರೆಸಿದಳು. "ವಳಣದಾಗ ಪಾಸ್ ಆದ್ರಿ," ಎಂದಳು. "ನೆಟ್ಟಗ ಹೋಗೂದರಾಗ ಫೇಲ್." ಜೇವರ್ಗಿಯಲ್ಲಿ ಈಗ ಐಶ್ವರ್ಯಾಗೆ ಹಸಿರು ಬಳೆ ಇಡುತ್ತಿರಬಹುದು. ಅವಳು ಮೊಬೈಲು ತೆಗೆದು ತಂಗಿಯ ನಂಬರು ಒತ್ತಲು ಹೋದಳು.

ಆಗ ರಸ್ತೆಯ ಮೇಲೆ ಜೇವರ್ಗಿಯ ಬಸ್ಸು ಬಂದು, ಮಂದಿಯನ್ನು ನೋಡಿ ನಿಂತಿತು. ಕಂಡಕ್ಟರ್ ಭಾಗ್ಯಜ್ಯೋತಿ ಬಾಗಿಲಲ್ಲಿ ಕಾಣಿಸಿಕೊಂಡಳು.

"ಅಕ್ಕಾರ, ಬರ್ತೀರೇನ್ರಿ? ಹಿಂದಿನ ಸೀಟ್ ಖಾಲಿ ಅದ." ಆಮೇಲೆ ಶಾಂತಕುಮಾರನನ್ನು ಕಂಡು, "ಅಣ್ಣಾರ, ನಿಮಗ ಏನಾತ್ರಿ?"

"ಅವರ ಮ್ಯಾಲ ಮೋಡ ಬಿದ್ದದ," ಎಂದ ಸೈದಪ್ಪ.

"ಇಂಥಾ ಅವತಾರದಾಗ ಗಾಡಿ ಹ್ಯಾಂಗ ಹೊಡೀತೀರಿ? ಹತ್ರಿ ನೀವೂ."

ಮಧುಮತಿಯ ಬೆರಳು ನಂಬರಿನ ಮೇಲೆಯೇ ನಿಂತಿತು. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟು ವರ್ಷ ಬಸ್ಸಿನ ಹಿಂದೆ ಕಾರು ಓಡಿಸಿದ ಶಾಂತಕುಮಾರನಿಗೆ ಬಸ್ಸಿಗೂ ಬಾಗಿಲಿದೆ, ಅದರಲ್ಲಿ ಗಂಡಸರೂ ಹತ್ತುತ್ತಾರೆ ಎಂಬುದು ಹೊಳೆದೇ ಇರಲಿಲ್ಲ. ಗಣಿತದ ಟೀಚರಿಗೂ ಹೊಳೆದಿರಲಿಲ್ಲ.

"ಒಂದೇ ಗಾಡಿ ಅಂದಾರ ಅವ್ವ," ಎಂದಳು ಅವಳು. "ಯಾವ ಗಾಡಿ ಅಂತ ಹೇಳಿಲ್ಲ."

ಕುಬಸದ ಬುಟ್ಟಿಗಳು ಕಾರಿನಲ್ಲೇ ಇದ್ದವು. ಅವನ್ನು ಮೆಹಬೂಬ ಹಿಂದಿನಿಂದ ತರುವುದೆಂದಾಯಿತು. ಅವನು ಹೊರಡುವ ಮುಂಚೆ ರುಕ್ಮಿಣಿಬಾಯಿ ತಡೆದಳು. ಕುಬಸದ ಮನೆಗೆ ಖಾಲಿ ತಂಬಿಗೆ ಒಯ್ಯಬಾರದು. ಕ್ಯಾನಿನಲ್ಲಿ ಉಳಿದ ಮಜ್ಜಿಗೆಯನ್ನು ತಂಬಿಗೆಗೆ ಕಂಠದ ತನಕ ಸುರಿದು, ತಾನೇ ಬೆಲ್ಟು ಬಿಗಿದಳು.

ಬಸ್ಸಿನಲ್ಲಿ ಭಾಗ್ಯಜ್ಯೋತಿ ಮಧುಮತಿಗೆ ಹೆಂಗಸರ ಪುಕ್ಕಟೆ ಚೀಟಿ ಕೊಟ್ಟಳು, ಶಾಂತಕುಮಾರನಿಗೆ ರೊಕ್ಕದ ಚೀಟಿ ಕೊಟ್ಟಳು. ಅವನು ಕಟ್ಟಕಡೆಯ ಸೀಟಿನಲ್ಲಿ ಹೆಂಡತಿಯ ಭುಜಕ್ಕೆ ಭುಜ ತಾಗಿಸಿ ಕೂತ. ಹಿಂದಿನ ಗಾಜಿನಲ್ಲಿ ತನ್ನದೇ ಕಾರು ಬಾಲದಂತೆ ಬರುವುದನ್ನು ನೋಡಿದ. ಸಂತೋಷವಾಗಿತ್ತು. ಅಫಜಲಪುರ ಬರುವ ತನಕ ಸಂತೋಷವಾಗಿತ್ತು.

ಅಲ್ಲಿಂದಾಚೆ ಡ್ರೈವರ್ ತಗ್ಗುಗಳನ್ನು ತಪ್ಪಿಸತೊಡಗಿದ. ಬಸ್ಸು ಎಡಕ್ಕೆ ತೂಗಿತು, ಬಲಕ್ಕೆ ತೂಗಿತು. ಶಾಂತಕುಮಾರ ಹುಟ್ಟಾ ಡ್ರೈವರು. ಬೇರೆಯವರು ಓಡಿಸುವ ಗಾಡಿಯಲ್ಲಿ ಕೂತು ಅವನಿಗೆ ಗೊತ್ತೇ ಇರಲಿಲ್ಲ. ನೆಟ್ಟನೆಯ ರಸ್ತೆಯ ಮೇಲೆ, ಒಂದೂ ಘಾಟಿಲ್ಲದ ನಾಡಿನಲ್ಲಿ, ಅವನ ಹೊಟ್ಟೆ ನಿಧಾನವಾಗಿ ಎದ್ದು ಗಂಟಲಿಗೆ ಬಂತು. ಅವನು ಕಿಟಕಿಯ ಹೊರಗೆ ತಲೆ ಹಾಕಿದ. ಮಧುಮತಿ ಚೀಲದಿಂದ ಲಿಂಬೆಹಣ್ಣು ತೆಗೆದು, ಉಗುರಿನಿಂದ ಗೀರಿ ಅವನ ಮೂಗಿಗೆ ಹಿಡಿದಳು. ಇನ್ನೊಂದು ಕೈಯಿಂದ ಬೆನ್ನು ಸವರಿದಳು.

"ಹೊಟ್ಟಿ ಗಟ್ಟಿ ಇಟ್ಕೋರಿ," ಎಂದಳು. "ಎಲ್ಲಾ ಮನಸಿನ ಮ್ಯಾಲ ಅದ."

ಅವನು ತಲೆ ಒಳಗೆ ತಂದು, ಕಣ್ಣು ಮುಚ್ಚಿಕೊಂಡೇ ಹೇಳಿದ. "ಅವತ್ತ ಹಂಗ ಅನಬಾರದಿತ್ತು."

"ಲಿಂಬಿ ಮೂಸ್ರಿ," ಎಂದಳು ಅವಳು.

ಬಸ್ಸಿನಿಂದ ಮಗಳು ಫೋನು ಮಾಡಿ ತಿಳಿಸಿದ್ದರಿಂದ, ಜೇವರ್ಗಿಯ ಸ್ಟ್ಯಾಂಡಿನಲ್ಲಿ ಸುಭದ್ರಾಬಾಯಿ ಓಣಿಯ ಹೆಂಗಸರನ್ನೆಲ್ಲ ಸಾಕ್ಷಿಗೆ ಕರೆತಂದು ನಿಂತಿದ್ದಳು. ಮಧುಮತಿ ಮೊದಲು ಇಳಿದಳು. ಅವಳ ಹೆಗಲು ಹಿಡಿದುಕೊಂಡು, ಮೀಸೆಯಲ್ಲಿ ಒಣಗಿದ ಮಜ್ಜಿಗೆ, ಕೈಯಲ್ಲಿ ಲಿಂಬೆಹಣ್ಣು, ಹಸಿರುಗಟ್ಟಿದ ಮುಖದ ಶಾಂತಕುಮಾರ ಇಳಿದ. ಒಂದೇ ಗಾಡಿಯಿಂದ. ಓಣಿಯ ಹೆಂಗಸರು ಅವನನ್ನು ನೋಡಿ ಬಾಯಿಗೆ ಸೆರಗು ಹಿಡಿದರು. "ಬಸರಿ ಇಬ್ಬರಲ್ಲಿ ಯಾರವ್ವ?" ಎಂದು ಒಬ್ಬಾಕೆ ಕೇಳಿಯೇಬಿಟ್ಟಳು.

ಹಿಂದಿನಿಂದ ಕಾರು ಬಂದು ನಿಂತಿತು. ಸುಭದ್ರಾಬಾಯಿ ಅದನ್ನು ಗುರುತಿಸಿದಳು.

"ಇಬ್ಬರೂ ಬಸ್ಸಿನ್ಯಾಗ ಬಂದ್ರಿ, ಚಲೋ ಆತು ಅಳಿಯಾರ. ಕಾರಿನ್ಯಾಗ ಯಾರನ್ನ ಕೂಡಿಸಿ ಕಳಿಸಿದ್ರಿ?"

ಮೆಹಬೂಬ ಇಳಿದು, ಈಚೆ ಬಂದು, ಎಡಗಡೆಯ ಬಾಗಿಲು ತೆರೆದ. ಮುಂದಿನ ಸೀಟಿನಲ್ಲಿ ಬೆಲ್ಟು ಕಟ್ಟಿಕೊಂಡು ತಂಬಿಗೆ ಕೂತಿತ್ತು. ಮಧುಮತಿ ಬಗ್ಗಿ ಸೀಟನ್ನು ಅಂಗೈಯಿಂದ ಸವರಿದಳು. ಹೊಸದಾಗಿ ಒದ್ದೆಯಾದ ಗುರುತಿರಲಿಲ್ಲ. ಮಜ್ಜಿಗೆ ಕಂಠದಲ್ಲೇ ಇತ್ತು.

"ಮೆಹಬೂಬಣ್ಣ, ದಾರ್ಯಾಗ ವಳಣ ಇತ್ತೇನ್ರಿ?"

"ಇತ್ತರಿ ವೈನಿ. ಇಲ್ಲೇ ಹೊಳಿ ದಾಟಿದ ಮ್ಯಾಲ ಒಂದ ಅಸಲ್ ಮೋಡ್. ಹಿಂಗ ಹೋಗಿ, ಹಿಂಗ ಹೊಳ್ಳತದ. ಶಾಂತೂ, ನೀ ನೋಡಲಿಲ್ಲೇನಲೇ?"

ಇಷ್ಟು ವರ್ಷ ಶಾಂತಕುಮಾರ ಆ ದಾರಿಯಲ್ಲಿ ಬಸ್ಸಿನ ಬೆನ್ನನ್ನಷ್ಟೇ ನೋಡಿದ್ದ; ಈ ಸಲ ಕಣ್ಣು ಮುಚ್ಚಿದ್ದ.

ಕುಬಸ ಚೆನ್ನಾಗಿ ಆಯಿತು. ಮಧುಮತಿ ತಂಗಿಯ ಪಕ್ಕದಲ್ಲಿ ಕೂತು ಉಡಿ ತುಂಬಿದಳು, ಆರತಿ ಎತ್ತಿದಳು. ತಂಬಿಗೆಯ ಮಜ್ಜಿಗೆಯನ್ನು ಐಶ್ವರ್ಯಾ ಒಬ್ಬಳೇ ಕುಡಿದು ಇನ್ನೂ ಇದೆಯೇ ಎಂದು ಕೇಳಿದಳು. ಇಳಿಹೊತ್ತಿಗೆ ಹೊರಡುವಾಗ ಶಾಂತಕುಮಾರ ಬಸ್ಸಿನ ಕಡೆ ನೋಡಿದ. ಅವನ ಹೊಟ್ಟೆ ಬೇಡವೆಂದಿತು. ಅವನು ಕಾರಿನ ಕಡೆ ನೋಡಿದ. ಮಧುಮತಿ ಆಗಲೇ ಮುಂದಿನ ಬಾಗಿಲು ತೆಗೆದು, ಖಾಲಿ ತಂಬಿಗೆಯನ್ನು ಎತ್ತಿಕೊಂಡು, ಆ ಜಾಗದಲ್ಲಿ ತಾನು ಕೂತಿದ್ದಳು.

"ಮಾತು ಅಂದ್ರ ಮಾತು," ಎಂದಳು. "ವಳಣ ಆತು, ಹನಿ ಚೆಲ್ಲಲಿಲ್ಲ, ನಾ ಕೂತೆ. ಆದ್ರ ತಂಬಿಗಿ ಉಳಿಸಿದ್ದು ಮೆಹಬೂಬಣ್ಣನ ಕೈ. ಅವರ ನಡಸಲಿ. ನೀವು ಹಿಂದ ಬರ್ರಿ."

"ಹಿಂದ ಅಂದ್ರ? ಬಸ್ಸಿನ್ಯಾಗ?"

ಅವಳು ನಕ್ಕಳು. ಘಾಟಿನ ದಿನದಿಂದ ಈಚೆಗೆ ಆ ಕಾರಿನೊಳಗೆ ಕೇಳಿದ ಮೊದಲ ನಗು ಅದು. "ಹಿಂದಿನ ಸೀಟಿನ್ಯಾಗರಿ."

ಹೀಗೆ ಶಾಂತಕುಮಾರ ತನ್ನದೇ ಕಾರಿನ ಹಿಂದಿನ ಸೀಟಿನಲ್ಲಿ, ಖಾಲಿ ಬುಟ್ಟಿಗಳ ನಡುವೆ, ಅರ್ಧ ಲಿಂಬೆಹಣ್ಣು ಹಿಡಿದು ಕೂತ. ಕಾರು ಪ್ರತಿ ತಗ್ಗಿಗೂ ಅವನ ತಲೆಯನ್ನು ಸೂರಿಗೆ ಮುಟ್ಟಿಸಿತು. ಮುಂದೆ ಕೂತ ಹೆಂಡತಿಯ ಜಡೆ ಮಾತ್ರ ಮಿಸುಕಲಿಲ್ಲ. ಹೊಳೆ ಹತ್ತಿರವಾದಾಗ ಮೆಹಬೂಬ ಎರಡೂ ಕೈಯಿಂದ ಸ್ಟೇರಿಂಗ್ ಹಿಡಿದು, ಹುಷಾರಾಗಿರಲು ಹೇಳಿದ.

"ಶಾಂತೂ, ಮುಂದ ಮೋಡ್ ಅದ ನೋಡಲೇ."

ಶಾಂತಕುಮಾರ ಕಿಟಕಿಯಿಂದ ತಲೆ ಹೊರಹಾಕಿ ಆಕಾಶ ನೋಡಿದ.